ಬಿಲ್ಲಿನ ಮೇಲಿನ ಅಂಕಿ, ಬಿಲ್ಲಾಳಿನ ಎಲುಬು

ಇಪ್ಪತ್ತನೆಯ ಶತಮಾನದ ಅಮೆರಿಕದ ಬಿಲ್ಲುಗಳಲ್ಲಿ ಹಿಡಿಯ ಸಮೀಪ ಒಂದು ಕಿರುಬರಹ ಕಾಣಸಿಗುತ್ತದೆ: 45# 28". ಮೊದಲ ಅಂಕಿ ಬಿಲ್ಲಿನ ತೂಕವನ್ನು ಹೇಳುವುದಿಲ್ಲ. ಹೆದೆಯನ್ನು 28 ಇಂಚಿನವರೆಗೆ ಸೆಳೆದು ನಿಲ್ಲಿಸಲು 45 ಪೌಂಡುಗಳ ಬಲ ಬೇಕೆಂಬುದು ಅದರ ತಾತ್ಪರ್ಯ.

ಸ್ಯಾದ್ವಾದದ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಅಂಕಿ ಒಂದು ಅಪೇಕ್ಷೆಯಿಂದ ಮಾತ್ರ ಸತ್ಯ. ಇಂತಹ ಬಿಲ್ಲಿನಲ್ಲಿ ಸೆಳೆತ ಒಂದು ಇಂಚು ಕಡಿಮೆಯಾದರೆ ಬಲವು ಸುಮಾರು ಎರಡು-ಮೂರು ಪೌಂಡು ಇಳಿಯುತ್ತದೆ. ಆದುದರಿಂದ ತೋಳು ಚಿಕ್ಕದಾಗಿದ್ದು 26 ಇಂಚು ಸೆಳೆಯುವವನಿಗೆ ಅದೇ ಬಿಲ್ಲು ಸುಮಾರು 40 ಪೌಂಡಿನದು. ಇಂಚುಗಳನ್ನು ಎಲ್ಲಿಯವರೆಗೆ ಅಳೆದರೆಂಬ ಪ್ರಶ್ನೆಯೂ ಇದೆ. ಹಿಂದೆ ಬಿಲ್ಲಿನ ಹೊರಮೈವರೆಗೆ ಅಳೆಯುವ ರೂಢಿಯಿತ್ತು. ಅನಂತರ ಅಮೆರಿಕದ ತಯಾರಕರ ಸಂಘವು ಹಿಡಿಯ ತಗ್ಗಿನವರೆಗೆ ಅಳೆದು ಒಂದೂಮುಕ್ಕಾಲು ಇಂಚು ಕೂಡಿಸುವ ಕ್ರಮವನ್ನು ನಿಗದಿಗೊಳಿಸಿತು. ಮರದ ಬಿಲ್ಲು ಬಳಕೆಯಿಂದ ಬಾಗಿ ಬಲಗುಂದುತ್ತದೆ. ಬರೆದ ಅಂಕಿ ಮಾತ್ರ ಹಾಗೆಯೇ ಉಳಿಯುತ್ತದೆ.

ಅಂಕಿಯೇ ಇಲ್ಲದ ಬಿಲ್ಲುಗಳ ಬಲವನ್ನು ತಿಳಿಯುವುದು ಹೇಗೆ? ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ ‘ಮೇರಿ ರೋಸ್’ 1545ರ ಜುಲೈ 19ರಂದು ಪೋರ್ಟ್ಸ್‌ಮತ್ ಬಳಿಯ ಕಡಲಿನಲ್ಲಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಲಾಯಿತು. ಅಲ್ಲಿ ದೊರೆತ ಅಖಂಡ ಬಿಲ್ಲುಗಳು 137. ಬಾಣಗಳು ಮೂರು ಸಾವಿರಕ್ಕೂ ಮಿಗಿಲು. ಯೂ ಮರದ ಆ ಬಿಲ್ಲುಗಳ ನಡುಭಾಗದಲ್ಲಿ ಕೆಲವೆಡೆ ಸಣ್ಣ ಗೀರು-ಚುಕ್ಕೆಗಳಿವೆ. ಅವು ಬಿಲ್ಲುಗಾರರ ಗುರುತುಗಳಿರಬೇಕೆಂದು ವಿದ್ವಾಂಸರ ಊಹೆ. ಬಲವನ್ನು ಪೌಂಡುಗಳಲ್ಲಿ ಸೂಚಿಸುವ ಬರಹ ಯಾವುದರಲ್ಲೂ ಇಲ್ಲ. ನಾಲ್ಕು ಶತಮಾನ ನೀರಿನಲ್ಲಿ ನೆನೆದ ಮರ ತನ್ನ ಮೂಲಬಲವನ್ನು ತೋರಲಾರದು. ಆದ್ದರಿಂದ ಅವುಗಳ ಅಳತೆಗೆ ಸರಿಯಾಗಿ ಹೊಸ ಬಿಲ್ಲುಗಳನ್ನು ಮಾಡಿಸಿ, ಗಣಿತದ ನೆರವಿನಿಂದ ಲೆಕ್ಕಹಾಕಲಾಯಿತು. ಫಲಿತಾಂಶ: 30 ಇಂಚಿನ ಸೆಳೆತಕ್ಕೆ ಸುಮಾರು 100ರಿಂದ 185 ಪೌಂಡು.

ಇಷ್ಟು ಬಲವನ್ನು ಮನುಷ್ಯರು ನಿಜವಾಗಿ ಸೆಳೆದರೇ ಎಂಬ ಸಂದೇಹಕ್ಕೆ ನೌಕೆಯಲ್ಲಿ ಮಡಿದವರ ಅಸ್ಥಿಗಳು ಒಂದು ಸಾಕ್ಷ್ಯ ಒದಗಿಸಿದವು. ಹೆಗಲೆಲುಬಿನ ತುದಿಯ ಭಾಗವು ಯೌವನದಲ್ಲಿ ಉಳಿದ ಎಲುಬಿನೊಡನೆ ಬೆಸೆದುಕೊಳ್ಳಬೇಕು. ಅಲ್ಲಿಯ ಅನೇಕರಲ್ಲಿ ಅದು ಬೆಸೆದಿರಲಿಲ್ಲ. ಸಾಮಾನ್ಯವಾಗಿ ಕಾಣುವ ಪ್ರಮಾಣಕ್ಕಿಂತ ಇದು ಹೆಚ್ಚು. ಬಾಲ್ಯದಿಂದಲೇ ಭಾರವಾದ ಬಿಲ್ಲುಗಳನ್ನು ಸೆಳೆದುದೇ ಇದಕ್ಕೆ ಕಾರಣವೆಂದು ಅಸ್ಥಿಗಳನ್ನು ಪರಿಶೀಲಿಸಿದ ಆ್ಯನ್ ಸ್ಟರ್‌ಲ್ಯಾಂಡ್ ಸೂಚಿಸಿದರು. ಬಿಲ್ಲಿನ ಮೇಲೆ ಯಾರೂ ಬರೆಯದಿದ್ದ ಬಲವನ್ನು ಆ ಆಳುಗಳ ಹೆಗಲುಗಳು ಹೊತ್ತಿದ್ದವು.