ಮಡಿಸುವ ಕೋವಿ: ಹಗುರತನದ ಬೆಲೆ

ಜಾವಗಲ್‌ನಿಂದ ಹಳೇಬೀಡಿನ ಮೂಲಕ ಬೇಲೂರಿಗೆ ಹೋದವರು ಚೆನ್ನಕೇಶವ ದೇವಾಲಯದಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯ ಶಿಲ್ಪವನ್ನು ನೋಡಿರಬಹುದು. ಬಾಣಕ್ಕೆ ವೇಗ ಕೊಡುವುದು ತೋಳಿನ ಶಕ್ತಿ. ಕೋವಿಯಲ್ಲಿ ಆ ಕೆಲಸವನ್ನು ಮದ್ದು ಮಾಡುತ್ತದೆ. ಆದರೆ ಮದ್ದಿನ ಒದೆತವನ್ನು ತಾಳಬೇಕಾದದ್ದು ಮನುಷ್ಯನ ಭುಜವೇ. ಮಡಿಸಿ ಚೀಲದಲ್ಲಿಡಬಹುದಾದ ಒಂಟಿ ನಳಿಗೆಯ ಹಗುರ ಕೋವಿಯ ಚರಿತ್ರೆಯನ್ನು ತಿಳಿಯಲು ಇದನ್ನು ಮರೆಯಬಾರದು.

ಬೇಲೂರಿನಿಂದ ಪಶ್ಚಿಮಕ್ಕೆ ಹೋದರೆ ಬಯಲು ಮುಗಿದು ಮಲೆನಾಡು ಆರಂಭವಾಗುತ್ತದೆ. ಅಲ್ಲಿನ ಹಿರಿಯರಿಗೆ ಕೇಪಿನ ಕೋವಿ ಪರಿಚಿತ. ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಈಡು ಹಾರಿಸುತ್ತಿದ್ದರು. ಪೆಟ್ಟಿನಿಂದ ಕಿಡಿಹೊತ್ತುವ ರಾಸಾಯನಿಕವನ್ನು ಕೋವಿಗೆ ಬಳಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದಿದ್ದರು. ಕೇಪು ಅದರ ಮುಂದಿನ ರೂಪ. ಆದರೆ ಇಂತಹ ಕೋವಿಯ ನಳಿಗೆಯ ಹಿಂಬದಿ ಮುಚ್ಚಿರುತ್ತದೆ, ಅದನ್ನು ಮಡಿಸುವಂತಿಲ್ಲ.

1830ರ ದಶಕದಲ್ಲಿ ಪ್ಯಾರಿಸ್ಸಿನ ಕಾಸಿಮಿರ್ ಲೆಫೋಷೊ ನಳಿಗೆಗೆ ಕೀಲು ಜೋಡಿಸಿ, ಹಿಂಬದಿಯಿಂದ ತೋಟಾ ತುಂಬುವ ಕೋವಿಯನ್ನು ರೂಪಿಸಿದರು. ಮಡಿಸುವ ಕೋವಿ ಇದರ ಮುಂದುವರಿಕೆ. ಸಾಮಾನ್ಯ ಕೋವಿಯ ಕೀಲು ತೋಟಾ ಹಾಕಲು ಬೇಕಾದಷ್ಟೇ ಬಾಗುತ್ತದೆ; ಇದರ ಕೀಲು ನಳಿಗೆ ಮರದ ಹಿಡಿಗೆ ತಾಗುವಷ್ಟು ಬಾಗುತ್ತದೆ. ಎರಡನೆಯ ನಳಿಗೆ ಇಲ್ಲದ್ದರಿಂದ ತೂಕವೂ ಕಡಿಮೆ. ಕೋಟಿನೊಳಗೆ ಅಡಗಿಸಬಹುದಾದ್ದರಿಂದ ಬ್ರಿಟನ್ನಿನಲ್ಲಿ ಇದಕ್ಕೆ ಕಳ್ಳಬೇಟೆಗಾರನ ಕೋವಿ ಎಂಬ ಹೆಸರೇ ಬಂತು.

ಈಗ ಲೆಕ್ಕ ಹಾಕೋಣ. 12 ಬೋರ್ ಎಂದರೆ ಒಂದು ಪೌಂಡ್ (454 ಗ್ರಾಂ) ಸೀಸವನ್ನು 12 ಸಮ ಗೋಲಿಗಳಾಗಿ ಮಾಡಿದಾಗ ಒಂದು ಗೋಲಿಗಿರುವ ವ್ಯಾಸ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ. ಅದರಿಂದ ವ್ಯಾಸ ಸುಮಾರು 18.5 ಮಿ.ಮೀ. ಎಂದು ವಿದ್ಯಾರ್ಥಿಗಳೇ ಕಂಡುಕೊಳ್ಳಬಹುದು. ಈ ಕೋವಿಯಿಂದ 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಚರೆಯ ಸಂವೇಗ 12.8 ಕಿ.ಗ್ರಾಂ ಮೀ/ಸೆ. ಸಂವೇಗ ಸಂರಕ್ಷಣಾ ನಿಯಮದಂತೆ ಕೋವಿಗೂ ಅಷ್ಟೇ ಸಂವೇಗ, ವಿರುದ್ಧ ದಿಕ್ಕಿನಲ್ಲಿ. ಕೋವಿಯ ತೂಕ 3.2 ಕಿ.ಗ್ರಾಂ ಇದ್ದರೆ ಅದು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಒದೆಯುತ್ತದೆ, ಚಲನಶಕ್ತಿ 25.6 ಜೂಲ್. ತೂಕವನ್ನು 1.6 ಕಿ.ಗ್ರಾಂಗೆ ಇಳಿಸಿದರೆ ಚಲನಶಕ್ತಿ 51.2 ಜೂಲ್! ತೂಕ ಅರ್ಧವಾದರೆ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಹೊರಬೀಳುವ ಅನಿಲದ ಸಂವೇಗವನ್ನು ಸೇರಿಸಿದರೆ ಇದು ಇನ್ನೂ ಹೆಚ್ಚು.

ಆದ್ದರಿಂದಲೇ ಮಡಿಸುವ ಕೋವಿಗಳಲ್ಲಿ ಅನೇಕವು .410 ಬೋರಿನವು, ಅಂದರೆ 10.4 ಮಿ.ಮೀ. ವ್ಯಾಸದವು. ಅದರ ಚರೆ 14 ಗ್ರಾಂ ಎಂದುಕೊಂಡು, ವೇಗ ಮೊದಲಿನಷ್ಟೇ ಎಂದಿಟ್ಟುಕೊಂಡರೂ, 1.6 ಕಿ.ಗ್ರಾಂ ಕೋವಿಯ ಒದೆತ 10 ಜೂಲ್‌ಗಿಂತ ಕಡಿಮೆ. ಭುಜಕ್ಕೆ ಸುಖವೇನೋ ಆಯಿತು. ಆದರೆ ಚರೆ ಅರ್ಧಕ್ಕಿಂತ ಕಡಿಮೆಯಾದ್ದರಿಂದ ದೂರದಲ್ಲಿ ಅದು ವಿರಳವಾಗಿ ಚದುರುತ್ತದೆ. ಪ್ರಾಣಿ ಸಾಯದೆ ಗಾಯಗೊಂಡು ನರಳುವ ಸಂಭವ ಹೆಚ್ಚು. ಹಗುರತನದ ಬೆಲೆಯನ್ನು ಭುಜದ ಬದಲು ಪ್ರಾಣಿ ತೆರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ 1991ರ ತಿದ್ದುಪಡಿಯ ನಂತರ ನಮ್ಮಲ್ಲಿ ಮೋಜಿನ ಬೇಟೆ ಅಪರಾಧ. ಕೋವಿ ಇಟ್ಟುಕೊಳ್ಳಲು 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಉಂಟು. 1861ರಷ್ಟು ಹಳೆಯದಾದ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರ ವರೆಗೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಗುರಿಯ ಆಟಕ್ಕೆ ಭಾರದ ಕೋವಿಯೇ ಲೇಸು. ಅದರ ಜಡತ್ವ ಹೆಚ್ಚಾದ್ದರಿಂದ ಕೈ ಅಲುಗಿದರೂ ನಳಿಗೆ ಸುಲಭವಾಗಿ ಅಲುಗದು.

ಹಗುರ ಕೋವಿ ಬೇಕಾದದ್ದು ಹೊತ್ತು ನಡೆಯುವವನಿಗೆ, ಭಾರದ ಕೋವಿ ಬೇಕಾದದ್ದು ಗುರಿಯಿಡುವವನಿಗೆ. ಇಂದು ನಮಗೆ ಉಳಿದಿರುವುದು ಗುರಿಯ ಆಟ ಮಾತ್ರ. ಸಂವೇಗದ ಪಾಠ ಮಾಡುವ ಶಿಕ್ಷಕರು ಕೋವಿಯ ಉದಾಹರಣೆಯನ್ನು ಕೊಟ್ಟೇ ಕೊಡುತ್ತಾರೆ. ಆ ಲೆಕ್ಕದ ಕೊನೆಯಲ್ಲಿ, ನಳಿಗೆಯ ಮುಂದೆ ಇದ್ದದ್ದು ಏನು ಎಂದೂ ಒಮ್ಮೆ ಕೇಳಿದರೆ ಪಾಠ ಪೂರ್ಣವಾದೀತು.