ಹರಾಜಿನ ಡಂಗುರ

ಸಾಲ ತೀರದಿದ್ದರೆ ಆಸ್ತಿಯನ್ನು ಹರಾಜಿಗಿಟ್ಟು ಹಣವನ್ನು ವಸೂಲು ಮಾಡುವುದು ಹಳೆಯ ಪದ್ಧತಿ. ಅದನ್ನು ಡಂಗುರ ಹೊಡೆದು ಸಾರತಕ್ಕದ್ದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ವಿಧಿಸಿತು. ಇದರ ಮರ್ಮವನ್ನು ನಾವು ಅರಿಯಬೇಕು: ಹತ್ತು ಮಂದಿ ಕೂಡಿ ಸವಾಲು ಕೂಗಿದರೆ ಬೆಲೆ ಏರುವುದು, ಸಾಲಗಾರನ ಹೊರೆ ಇಳಿಯುವುದು. ಬೇಸಾಯಗಾರನ ನೇಗಿಲು, ಅವಶ್ಯವಾದ ಎತ್ತು, ಬಿತ್ತನೆಯ ಕಾಳು, ವಾಸದ ಮನೆ ಇವುಗಳ ಜಪ್ತಿಯನ್ನು ಸಂಹಿತೆಯು ತಡೆಯಿತು. ಹರಾಜಾದ ಮೇಲೂ ಗೊತ್ತಾದ ಅವಧಿಯೊಳಗೆ ಸಾಲದ ಹಣವನ್ನೂ, ಕೊಂಡವನಿಗೆ ಕ್ರಯದ ಮೇಲೆ ನೂರಕ್ಕೆ 5ರಂತೆಯೂ ಕಟ್ಟಿದರೆ ಹರಾಜು ರದ್ದಾಗುವುದು.

ಕಾಲಕ್ರಮದಲ್ಲಿ ಬೆಂಗಳೂರಿನ ಪಶ್ಚಿಮದ ಹೊಲಗಳು ನಿವೇಶನಗಳಾದುವು. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರ ಬಿದ್ದಿತು. ತರುವಾಯ ಬಡಾವಣೆಗಳು ಕೆಂಗೇರಿಯವರೆಗೂ ಹಬ್ಬಿದುವು. ಬ್ಯಾಂಕಿಗೆ ಅಡವಿಟ್ಟ ಮನೆಗಳಿಗೆ 2002ರ ಸರ್ಫೇಸಿ ಕಾಯಿದೆ ಅನ್ವಯಿಸುವುದು. ಸಾಗುವಳಿ ಭೂಮಿಗೆ ಅದರಿಂದ ವಿನಾಯಿತಿಯುಂಟು. ಡಿಕ್ರಿಯಿಲ್ಲದೆಯೇ, 60 ದಿನಗಳ ನೋಟೀಸು ಕೊಟ್ಟು, ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಅಲ್ಲಿ ಡಂಗುರದ ಸ್ಥಾನಕ್ಕೆ ವೃತ್ತಪತ್ರಿಕೆಯ ಪ್ರಕಟಣೆ ಬಂದಿದೆ. 2016ರ ತಿದ್ದುಪಡಿಯ ಪ್ರಕಾರ, ಹರಾಜಿನ ಪ್ರಕಟಣೆ ಹೊರಬಿದ್ದೊಡನೆ ಸಾಲ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಮುಗಿಯುವುದು. ಆದಕಾರಣ, ಹಿಂದಿನವರು ಡಂಗುರಕ್ಕೆ ಕಿವಿಗೊಟ್ಟಂತೆ, ನಾವು ಮೊದಲನೆಯ ನೋಟೀಸಿಗೇ ಎಚ್ಚರಗೊಳ್ಳುವುದು ಶ್ರೇಯಸ್ಕರ.