‘ಫಿಸಿಯೋ ಮಾಡಿಸಿ’: ಒಂದು ಚೀಟಿಯ 130 ವರ್ಷದ ಕಥೆ

ಸೋಗಾನೆಯಿಂದ ಮಾತಾಡ್ತಾ ಇದೀನಿ. ನಡುವೆ ವಿಮಾನದ ಸದ್ದು ಬಂದ್ರೆ ಕ್ಷಮಿಸಿ, 2023ರಿಂದ ಏರ್‌ಪೋರ್ಟ್ ನಮ್ಮ ಊರಲ್ಲೇ ಇದೆ.

ಇವತ್ತಿನ ಕಥೆ ಒಂದು ಚೀಟಿಯದ್ದು. ಎರಡು ವರ್ಷದ ಹಿಂದೆ ನಮ್ಮ ಅಮ್ಮನ ಬಲಭುಜ ಹಿಡ್ಕೊಳ್ತು. ಜಡೆ ಹಾಕ್ಕೊಳ್ಳೋಕೆ ಕೈ ಹಿಂದೆ ಹೋಗ್ತಿರಲಿಲ್ಲ. ರಾತ್ರಿ ಆ ಮಗ್ಗುಲಿಗೆ ತಿರುಗಿದ್ರೆ ನಿದ್ದೆ ಇಲ್ಲ. ಒಂದು ಆಸ್ಪತ್ರೆಗೆ ಹೋದ್ವಿ. ಎಕ್ಸ್‌ರೇ ಆಯ್ತು, ಮಾತ್ರೆ ಬರೆದ್ರು, ಚೀಟಿಯ ಕೊನೇ ಸಾಲಲ್ಲಿ ಒಂದೇ ಪದ: ‘ಫಿಸಿಯೋ’. ಯಾಕೆ, ಎಷ್ಟು ದಿನ, ಮತ್ತೆ ಯಾವಾಗ ಬರಬೇಕು, ಏನೂ ಇಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಅಮ್ಮ ಕೇಳಿದ್ರು: “ಮಾಲೀಶು ಮಾಡಿಸ್ಕೋ ಅಂದ್ರು ಅಲ್ವೇನೋ? ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?”

ಚೀಟಿ ಗೋಡೆ ಕ್ಯಾಲೆಂಡರ್ ಹಿಂದೆ ಸೇರಿಕೊಳ್ತು. ಅಮ್ಮ ಉಳುಕು ತೆಗೆಯೋರ ಹತ್ರ ಹೋಗಿ ಕೈ ಎಳೆಸ್ಕೊಂಡು ಬಂದ್ರು. ನೋವು ದುಪ್ಪಟ್ಟಾಯ್ತು.

ಅಮ್ಮನ ಮೇಲೆ ಆಗ ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ. ಯಾಕಂದ್ರೆ ‘ಫಿಸಿಯೋ ಅಂದ್ರೆ ಮಾಲೀಶು’ ಅನ್ನೋ ಮಾತು ಅಮ್ಮ ಹುಟ್ಟಿಸಿದ್ದಲ್ಲ. ಅದಕ್ಕೂ, ಡಾಕ್ಟರ ಆ ಚೀಟಿಗೂ ಹುಟ್ಟೂರು ಒಂದೇ.

1894, ಲಂಡನ್. ಆ ಕಾಲದಲ್ಲಿ ಅಲ್ಲಿ ಮಸಾಜ್ ಹೆಸರಲ್ಲಿ ವೇಶ್ಯಾವಾಟಿಕೆ ನಡೀತಿದೆ ಅಂತ ವೈದ್ಯರ ಪತ್ರಿಕೆಯೊಂದು ದೊಡ್ಡ ಗಲಾಟೆ ಎಬ್ಬಿಸಿತ್ತು. ನಿಜವಾಗಿ ರೋಗಿಗಳಿಗೆ ಮಸಾಜ್ ಮಾಡ್ತಿದ್ದ ದಾದಿಯರಿಗೆ ಮಾನದ ಪ್ರಶ್ನೆ. ಅವರಲ್ಲಿ ನಾಲ್ವರು ಸೇರಿ ತರಬೇತಿ ಪಡೆದ ಮಸಾಜ್‌ಗಾರ್ತಿಯರ ಸಂಘ ಕಟ್ಟಿದ್ರು. ಇವತ್ತಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಘಕ್ಕೆ ಅದೇ ಮೂಲ. ಸಂಘದ ಮೊದಲ ನಿಯಮಗಳಲ್ಲಿ ಒಂದು ಹೀಗಿತ್ತು: ವೈದ್ಯರ ಸೂಚನೆ ಇಲ್ಲದೆ ಯಾರಿಗೂ ಮಸಾಜ್ ಮಾಡಬಾರದು.

ರೆಫರಲ್ ಚೀಟಿ ಶುರುವಾಗಿದ್ದು ಇಲ್ಲಿ. ರೋಗಿಗೆ ದಾರಿ ತೋರಿಸೋದಕ್ಕಿಂತ ಹೆಚ್ಚಾಗಿ, ‘ಇವರು ಮರ್ಯಾದಸ್ಥರು’ ಅನ್ನೋ ಸರ್ಟಿಫಿಕೇಟ್ ಆಗಿ. ಡಾಕ್ಟರ್ ಆರ್ಡರ್ ಕೊಡ್ತಾರೆ, ಇವರು ಮಾಡ್ತಾರೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ಎಬ್ಬಿಸೋಕೆ ಇದೇ ಹೆಣ್ಣುಮಕ್ಕಳು ಬೇಕಾದ್ರು. ಮಸಾಜ್ ಹಿಂದೆ ಸರಿದು ವ್ಯಾಯಾಮ ಮುಂದೆ ಬಂತು. ಚೀಟಿಯ ನಿಯಮ ಮಾತ್ರ ಹಾಗೇ ಉಳೀತು.

ಭಾರತಕ್ಕೆ ಈ ವಿದ್ಯೆ ಗಟ್ಟಿಯಾಗಿ ಬಂದಿದ್ದು ಪೋಲಿಯೋ ಹಿಂದೆ. 1952ರಲ್ಲಿ ಬಾಂಬೆಯಲ್ಲಿ ಪೋಲಿಯೋ ಹರಡಿತು. ಮಕ್ಕಳ ಕೈಕಾಲಿಗೆ ಮತ್ತೆ ಚಲನೆ ಕಲಿಸೋರು ಬೇಕಾಗಿತ್ತು. 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯ್ತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು.

ಅದೇ ಹೊತ್ತಿಗೆ ನಮ್ಮ ಕಡೆ ಏನಿತ್ತು? ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಿಂದ ಉರೀತಾ ಇತ್ತು. ನಮ್ಮ ಅಜ್ಜ ಅಲ್ಲಿ ಕೆಲಸ ಮಾಡಿದವರು. ಸಲಿಕೆ, ಸರಪಳಿ, ಭಾರ, ಎಲ್ಲ ಹೆಗಲಿನ ಕೆಲಸ. ಅಜ್ಜನ ಎಡಗೈ ಕಿವಿಯಿಂದ ಮೇಲೆ ಏಳ್ತಿರಲಿಲ್ಲ. ಕೇಳಿದ್ರೆ “ವಯಸ್ಸಾಯ್ತಲ್ಲ ಮಗಾ” ಅನ್ನೋರು. ಎಣ್ಣೆ, ಬಿಸಿನೀರು, ಉಳುಕು ತೆಗೆಯೋರು, ಅಷ್ಟೇ ಅವರ ಚಿಕಿತ್ಸೆ. ಕೈ ಏಳದೇ ಇರೋದು ಚಿಕಿತ್ಸೆ ಇರೋ ಸಮಸ್ಯೆ ಅಂತ ಅವರಿಗೆ ಯಾರೂ ಹೇಳಲೇ ಇಲ್ಲ.

ಮುಂದೆ ಚೀಟಿಯ ಅರ್ಥ ಬದಲಾಯ್ತು. 1976ರಲ್ಲಿ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟರು, ಡಾಕ್ಟರ ಚೀಟಿ ಇಲ್ಲದೆಯೂ ರೋಗಿಯನ್ನು ನೋಡಬಹುದು ಅಂತ ತಮ್ಮ ನಿಯಮ ತಿದ್ದಿಕೊಂಡ್ರು. 1977ರಲ್ಲಿ ಬ್ರಿಟನ್ ಸರ್ಕಾರ, ಯಾವ ಚಿಕಿತ್ಸೆ ಕೊಡಬೇಕು ಅಂತ ಫಿಸಿಯೋಥೆರಪಿಸ್ಟರೇ ನಿರ್ಧರಿಸಬಹುದು ಅಂತ ಒಪ್ಪಿಕೊಳ್ತು. ನಮ್ಮಲ್ಲಿ ಈ ವೃತ್ತಿಗೂ ಸೇರಿ ಒಂದು ರಾಷ್ಟ್ರೀಯ ಕಾನೂನು ಬಂದಿದ್ದು 2021ರಲ್ಲಿ. ಅಂದ್ರೆ ಚೀಟಿ ಈಗ ಆರ್ಡರ್ ಅಲ್ಲ. ಓದಿದ ಒಬ್ಬರು ಓದಿದ ಇನ್ನೊಬ್ಬರಿಗೆ ಬರೆಯೋ ಪತ್ರ.

ಇಷ್ಟೆಲ್ಲ ಸರಿ, ಆದ್ರೆ ಫಿಸಿಯೋಗೆ ಕಳಿಸೋದ್ರಿಂದ ನಿಜವಾಗಿ ಗುಣ ಆಗುತ್ತಾ? ಭುಜ ಮತ್ತು ಮೊಣಕೈ ವಿಷಯದಲ್ಲಿ ಇದಕ್ಕೆ ಒಳ್ಳೆ ಲೆಕ್ಕ ಸಿಗುತ್ತೆ. ನಾನು ಬಿ.ಕಾಂ ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ.

ಮೊದಲು ಮೊಣಕೈ. ಟೆನ್ನಿಸ್ ಎಲ್ಬೋ ಅಂದ್ರೆ ನಮಗೆ ಸಚಿನ್ ನೆನಪಾಗ್ತಾರೆ. 2004ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟ್ ತಪ್ಪಿಸಿಕೊಂಡಿದ್ದು ಈ ನೋವಿಂದಲೇ. ಆದ್ರೆ ಇದಕ್ಕೆ ಟೆನ್ನಿಸ್ಸೂ ಬೇಡ, ಕ್ರಿಕೆಟ್ಟೂ ಬೇಡ. ದಿನವಿಡೀ ಅಡಿಕೆ ಸುಲಿಯೋರಿಗೆ, ಗಾರೆ ಕೆಲಸದವರಿಗೆ, ಬಟ್ಟೆ ಹಿಂಡೋರಿಗೂ ಬರುತ್ತೆ. 2006ರಲ್ಲಿ ಬ್ರಿಸ್ಬೇನ್‌ನ ಒಂದು ಅಧ್ಯಯನ 198 ಜನರನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೇದಕ್ಕೆ ಸಲಹೆ ಕೊಟ್ಟು ಕಾಯೋದು. ಆರು ವಾರಕ್ಕೆ ಇಂಜೆಕ್ಷನ್ ಗುಂಪು ಎಲ್ಲರಿಗಿಂತ ಮುಂದೆ: 100ಕ್ಕೆ 78 ಜನ ಚೇತರಿಕೆ. ಆದ್ರೆ ಆಮೇಲೆ ಅದೇ ಗುಂಪಿನಲ್ಲಿ 100ಕ್ಕೆ 72 ಜನರಿಗೆ ನೋವು ಮರಳಿತು. ವರ್ಷದ ಕೊನೆಗೆ ಫಿಸಿಯೋ ಗುಂಪು 94, ಕಾದವರು 90, ಇಂಜೆಕ್ಷನ್ 68.

ಮೊದಲ ತ್ರೈಮಾಸಿಕದಲ್ಲಿ ಲಾಭ, ವರ್ಷದ ಬ್ಯಾಲೆನ್ಸ್ ಶೀಟಲ್ಲಿ ನಷ್ಟ. ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ’ ಅಂತ ನಾವೇ ಕೇಳ್ತೀವಲ್ಲ, ಆ ಕೇಳಿಕೆಯ ಬೆಲೆ ಇದು.

ಭುಜದ ಲೆಕ್ಕ ಸ್ವಲ್ಪ ಬೇರೆ. ಅಮ್ಮನಿಗಿದ್ದದ್ದು ಫ್ರೋಜನ್ ಶೋಲ್ಡರ್. 1934ರಲ್ಲಿ ಈ ಹೆಸರಿಟ್ಟ ಅಮೆರಿಕದ ಸರ್ಜನ್ ಕಾಡ್ಮನ್, ಇದನ್ನು ವಿವರಿಸೋದೂ ಕಷ್ಟ, ಗುಣ ಮಾಡೋದೂ ಕಷ್ಟ ಅಂತ ಒಪ್ಪಿಕೊಂಡಿದ್ರು. ಶುಗರ್ ಇರೋರಿಗೆ ಇದು ಹೆಚ್ಚು. 2020ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು 503 ರೋಗಿಗಳಲ್ಲಿ ಎರಡು ಬಗೆಯ ಆಪರೇಷನ್ ಥಿಯೇಟರ್ ಚಿಕಿತ್ಸೆಯನ್ನು ಫಿಸಿಯೋಥೆರಪಿ ಜೊತೆ ಹೋಲಿಸಿತು. ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ದೊಡ್ಡದಾಗಿ ಮುಂದಿರಲಿಲ್ಲ. ಗಮನಿಸಿ, ಇಲ್ಲಿ ಫಿಸಿಯೋ ಗುಂಪಿಗೆ ಒಂದು ಇಂಜೆಕ್ಷನ್ನೂ ಕೊಟ್ಟಿದ್ರು. ಅಂದ್ರೆ ಇಂಜೆಕ್ಷನ್ ಶತ್ರು ಅಲ್ಲ. ಯಾವ ಕೀಲಿಗೆ, ಯಾವಾಗ, ಯಾವುದರ ಜೊತೆ ಅನ್ನೋದೇ ಪ್ರಶ್ನೆ. ಆ ಲೆಕ್ಕ ಡಾಕ್ಟರೂ ಫಿಸಿಯೋಥೆರಪಿಸ್ಟೂ ಮಾತಾಡಿಕೊಂಡ್ರೆ ಮಾತ್ರ ಸರಿಹೋಗುತ್ತೆ.

ಡಾಕ್ಟರನ್ನು ಬಿಟ್ಟು ನೇರ ಫಿಸಿಯೋ ಹತ್ರ ಓಡಿ ಅಂತಲೂ ನಾನು ಹೇಳ್ತಿಲ್ಲ. ಬಿದ್ದ ಮೇಲೆ ಕೈಯೇ ಎತ್ತಲಾಗದಿದ್ರೆ, ಕೀಲು ಊದಿ ಜ್ವರ ಬಂದಿದ್ರೆ, ಕೈ ಮರಗಟ್ಟಿ ಶಕ್ತಿ ಹೋಗ್ತಿದ್ರೆ ಮೊದಲು ಡಾಕ್ಟರ್. ಎದೆ ಬಿಗಿತದ ಜೊತೆ ಭುಜ ನೋವು ಬಂದ್ರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆ.

ಮತ್ತೆ ಅಮ್ಮನ ಕಥೆಗೆ. ಉಳುಕು ತೆಗೆಸಿದ ಮೇಲೆ ಇನ್ನೊಬ್ಬ ಡಾಕ್ಟರ ಹತ್ರ ಹೋದ್ವಿ. ಅವರು ಬರೆದ ಚೀಟಿ ಅರ್ಧ ಪುಟ ಇತ್ತು: ಯಾವ ತೊಂದರೆ ಅಂತ ಅನುಮಾನ, ಎಷ್ಟು ತಿಂಗಳಾಯ್ತು, ಶುಗರ್ ಇದೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಜೋರಾಗಿ ಎಳೆಯಬೇಡಿ, ಆರು ವಾರಕ್ಕೆ ನನಗೆ ತೋರಿಸಿ. ಆಮೇಲೆ ಅಮ್ಮನಿಗೆ ಎರಡೇ ನಿಮಿಷ ಹೇಳಿದ್ರು: “ನೋಡಿಯಮ್ಮಾ, ಇದು ಮಾಲೀಶಲ್ಲ. ಅವರು ಹೇಳಿಕೊಡ್ತಾರೆ, ಮಾಡಬೇಕಾದವರು ನೀವು. ನಿಧಾನಕ್ಕೆ ಬಿಡುತ್ತೆ.”

ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲು ಕೇಳಿದ ಪ್ರಶ್ನೆ: “ಆಂಟಿ, ಯಾವ ಕೆಲಸ ಮಾಡೋಕಾಗ್ತಿಲ್ಲ ಅಂತ ನಿಮಗೆ ಜಾಸ್ತಿ ಬೇಜಾರು?” ಅಮ್ಮ ತಟ್ಟನೆ ಹೇಳಿದ್ರು: “ಜಡೆ.” ಅಲ್ಲಿಂದ ಗೋಡೆ ಮೇಲೆ ಬೆರಳು ಹತ್ತಿಸೋದು, ಕೋಲು ಹಿಡಿದು ಕೈ ಎತ್ತೋದು, ದಿನಾ ಬೆಳಿಗ್ಗೆ ಸಂಜೆ.

ಏಳು ತಿಂಗಳು ಬೇಕಾಯ್ತು. ಅದರಲ್ಲಿ ವ್ಯಾಯಾಮದ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಬೇರೆ ಮಾಡೋಕಾಗಲ್ಲ, ಈ ತೊಂದರೆ ಕಾಲಕ್ರಮೇಣ ತಾನಾಗೂ ಸಡಿಲವಾಗುತ್ತೆ. ಆದ್ರೆ ಆ ಏಳು ತಿಂಗಳಲ್ಲಿ ಅಮ್ಮ ಹೆದರಿಕೊಂಡು ಕೈ ಮಡಚಿ ಕೂರಲಿಲ್ಲ.

ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಚೀಟಿ ಸಿಕ್ಕಿದ್ರೆ ಅಲ್ಲೇ ನಿಂತು ಮೂರು ಮಾತು ಕೇಳಿ: ನನಗೇನಾಗಿದೆ, ಫಿಸಿಯೋ ಯಾಕೆ, ಮತ್ತೆ ಯಾವಾಗ ಬರಲಿ. ಕೇಳೋಕೆ ಸಂಕೋಚ ಬೇಡ. ನಮ್ಮ ಅಜ್ಜನಿಗೆ ಕೇಳೋಕೆ ಒಂದು ಚೀಟಿಯೂ ಇರಲಿಲ್ಲ.

ಅಮ್ಮ ಈಗ ಜಡೆ ತಾವೇ ಹಾಕ್ಕೊಳ್ತಾರೆ. ಅಟ್ಟದ ಮೇಲಿನ ಡಬ್ಬ ಮಾತ್ರ ಇನ್ನೂ ನಾನೇ ತೆಗೀಬೇಕು. ಮುಂದಿನ ವಾರ ಸಿಗೋಣ.